ಮುಳ್ಳು ಹೇಳಿದ ಸುಳ್ಳು

ಅವರ ಮುಂದಿನ ಎರಡು ಹಲ್ಲುಗಳ ತುದಿ ಸವೆದು ಸಣ್ಣ ಕಚ್ಚು ಬಿದ್ದಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ಕಟ್ಟಿಗೆಯ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ತಾಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸದ್ದು ಕಿವಿಯಿಂದ ಬಂದರೆ ಅರ್ಧ, ಹಲ್ಲಿನಿಂದ ತಲೆಬುರುಡೆಗೆ ಏರಿದರೆ ಪೂರ್ತಿ ಎನ್ನುವುದು ಅವರ ನಂಬಿಕೆ. ನೋಡಿದವರು ನಗುತ್ತಿದ್ದರು. ನಾನೂ ನಕ್ಕವಳೇ.

ಗಜೇಂದ್ರಗಡದಲ್ಲಿ ಎಲ್ಲರಿಗೂ ಅವರು ಮಿಸ್ತ್ರಿ, ನನಗೆ ಮಿಸ್ತ್ರಿ ಕಾಕಾ. ನರಗುಂದದ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವರು, ಕಣ್ಣಿಗೆ ಪೊರೆ ಬಂತೆಂದು ಅಲ್ಲಿ ಕೆಲಸ ಬಿಡಿಸಿದಾಗ ನಮ್ಮೂರಿಗೆ ಬಂದರು. ನಮ್ಮ ಸೀರೆ ಅಂಗಡಿಯ ಹಿಂದಿನ ತಗಡಿನ ಛಪ್ಪರದಲ್ಲಿ ರಿಪೇರಿ ಕೆಲಸ ಹಚ್ಚಿಕೊಂಡರು. ಮಾತು ಕಡಿಮೆ. ಆಡಿದರೆ ಮೆಣಸಿನಕಾಯಿ.

ನಮ್ಮಣ್ಣನ ಕಾರು ಅವರ ಬದುಕಿಗೆ ಬಂದದ್ದು ಐವತ್ತರ ದಶಕದ ನಡುವೆ. ಬೆಳಗಾವಿಯಲ್ಲಿ ಯಾರೋ ಮಿಲಿಟರಿ ಸಾಹೇಬ ಊರು ಬಿಡುವಾಗ ಮಾರಿದ ಕೆಂಪು ಕಾರು ಅದು. ಎರಡೇ ಸೀಟು, ತಂತಿ ಕಡ್ಡಿಯ ಗಾಲಿ, ನಾಲ್ಕು ಗೇರು, ಕಾರಿನ ಅರ್ಧದಷ್ಟು ಉದ್ದದ ಮೂತಿ. ಅವ್ವ ಅದನ್ನು ನೋಡಿ, "ಇಷ್ಟ ದೊಡ್ಡ ಮೂಗು, ಕುಂಡ್ರಾಕ ಇಬ್ಬರಿಗಷ್ಟ ಜಾಗಾ" ಎಂದು ಒಳಗೆ ಹೋದಳು. ಅಣ್ಣನಿಗೆ ವೇಗದ ಹುಚ್ಚು. ಮಿಸ್ತ್ರಿ ಕಾಕಾನಿಗೆ ಎಂಜಿನ್ನಿನ ಹುಚ್ಚು. ನನಗೆ ಹತ್ತೊಂಬತ್ತು ವರ್ಷ, ಬಂದ ಎರಡು ಗಂಡುಗಳನ್ನು ಬೇಡವೆಂದು ಮನೆಯಲ್ಲಿ ಬೈಸಿಕೊಳ್ಳುತ್ತ ಕೂತವಳು. ಅಣ್ಣ ಇಲ್ಲದ ಮಧ್ಯಾಹ್ನಗಳಲ್ಲಿ ಕಾಕಾ ನನಗೆ ಗುಡ್ಡದ ಬುಡದ ಬಯಲಲ್ಲಿ ಕಾರು ನಡೆಸುವುದನ್ನು ಕಲಿಸಿದರು. ಪಕ್ಕದಲ್ಲಿ ಕೂತು ನನ್ನ ಹೆಗಲ ಮೇಲೆ ಕೈ ಇಡುತ್ತಿದ್ದರು. ಒಂದು ಬೆರಳು ಬಡಿದರೆ ಗೇರು ಇಳಿಸು, ಎರಡು ಬಡಿದರೆ ಏರಿಸು.

"ಎಂಜಿನ್ ಗೊಣಗಬಾರದು, ಚೀರಬಾರದು. ಹಾಡಬೇಕು ತಂಗೆವ್ವಾ" ಎನ್ನುತ್ತಿದ್ದರು. "ಗೊಣಗಿದ್ರ ಗೇರು ಇಳಸು. ಚೀರಿದ್ರ ಏರಸು. ಮುಳ್ಳು ನೋಡಬ್ಯಾಡ."

ಮುಳ್ಳೆಂದರೆ ಕಾರು ಗಂಟೆಗೆ ಎಷ್ಟು ಮೈಲಿ ಓಡುತ್ತಿದೆ ಎಂದು ತೋರಿಸುವ ಮುಳ್ಳು. ಆ ಮುಳ್ಳಿನ ಕಾರಣಕ್ಕೇ ಅಣ್ಣನಿಗೂ ಅವರಿಗೂ ಕೆಟ್ಟದ್ದು.

ಹಳೆಯ ಟೈರು ಸವೆದಿದ್ದವು. ಆ ಅಳತೆಯ ಟೈರು ಎಲ್ಲಿಯೂ ಸಿಗಲಿಲ್ಲ. ಅಣ್ಣ ಹುಬ್ಬಳ್ಳಿಯಿಂದ ದೊಡ್ಡ ಗಾಲಿ, ದೊಡ್ಡ ಟೈರು ತಂದು ಹಾಕಿಸಿಕೊಂಡು ಬಂದ. ಕಾರು ಎತ್ತರವಾಗಿ ಚಂದ ಕಾಣುತ್ತಿತ್ತು. ಕಾಕಾ ಕಾರಿನ ಸುತ್ತ ಕೈಯಾಡಿಸುತ್ತ ಬಂದರು. ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿದರು. ಬಳಿಕ ಟೈರಿಗೆ ಸುಣ್ಣದ ಗುರುತು ಹಚ್ಚಿ, ಅಂಗಳದಲ್ಲಿ ಒಂದು ಸುತ್ತು ಉರುಳಿಸಿ, ಅಂಗಡಿಯ ಗಜಕೋಲಿನಿಂದಲೇ ನೆಲ ಅಳೆದರು. ಹಳೆಯ ಗಾಲಿ ಒಂದು ಸುತ್ತಿಗೆ ಎರಡು ಗಜ ಒಂದು ಗೇಣು ಹೋಗುತ್ತಿತ್ತು. ಹೊಸದು ಎರಡು ಗಜ ಎರಡು ಗೇಣು.

"ಸಾವ್ಕಾರ್ರ, ನಿಮ್ಮ ಗಜಕೋಲು ಒಂದು ಗೇಣು ಉದ್ದ ಆತಂದ್ರ ಏನಾಕ್ಕೈತಿ? ಎಣಿಕಿ ಅಷ್ಟ ಇರತೈತಿ, ಅರಿವಿ ಹೆಚ್ಚು ಹೋಗತೈತಿ. ಇದೂ ಹಂಗ. ಮುಳ್ಳು ಐವತ್ತು ಅಂತೈತಿ, ಕಾರು ಐವತ್ತೈದು ಓಡತಿರತೈತಿ. ಮ್ಯಾಲ ದೊಡ್ಡ ಗಾಲಿ ಅಂದ್ರ ದೊಡ್ಡ ಹೆಜ್ಜಿ. ದೊಡ್ಡ ಹೆಜ್ಜಿ ಹಾಕಾಕ ಎಂಜಿನ್ನಿಗೆ ಕಸುವು ಸಾಲಂಗಿಲ್ಲ. ಎರಿಮಣ್ಣು ಹತ್ತಿದ ದಿನ ಗಾಲಿ ತಿರಗಾಕ ಜಾಗಾನೂ ಇಲ್ಲ. ತಗಸ್ರಿ ಇವನ್ನ."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅಣ್ಣ ಅವರ ಕಡೆ ತಿರುಗಿ ನಕ್ಕು, "ಅಂಗೈ ಕಾಣದ ಮುದುಕ ಟೈರು ಅಳ್ಯಾಕ ಬಂದಾನ ನೋಡ್ರಿ" ಎಂದುಬಿಟ್ಟ.

ಕಾಕಾ ಗಜಕೋಲನ್ನು ಒರೆಸಿ ಅದರ ಜಾಗದಲ್ಲಿ ಇಟ್ಟರು. ಮರುದಿನ ಛಪ್ಪರ ಖಾಲಿ. ಎರಡು ತಿಂಗಳು ನಮ್ಮ ಓಣಿಗೆ ಕಾಲಿಡಲಿಲ್ಲ. ನನಗೆ ಅಣ್ಣನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ಬಾಯಿ ಬಿಡಲಿಲ್ಲ. ಆ ನಾಚಿಕೆ ನನಗಿನ್ನೂ ಇದೆ.

ಆ ಮಳೆಗಾಲದಲ್ಲಿ ಅಣ್ಣನಿಗೆ ಹೊಟ್ಟೆನೋವು ಬಂತು. ಎರಡು ದಿನ ಓಮಿನ ನೀರು, ಕಾಸಿದ ಇಟ್ಟಿಗೆಯ ಶಾಖ ನಡೆದವು. ಮೂರನೆಯ ದಿನ ಊರಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ ನಮ್ಮನ್ನು ಹೊರಗೆ ಕರೆದರು. "ಅಪೆಂಡಿಕ್ಸ್ ಐತಿ. ಸಂಜಿಯೊಳಗ ಗದಗಿನ ದವಾಖಾನಿ ಮುಟ್ಟಸ್ರಿ. ಒಳಗ ಒಡೀತಂದ್ರ ಯಾರ ಕೈಯಾಗೂ ಇಲ್ಲ." ಗದಗಿನ ರಸ್ತೆಗೆ ಹಳ್ಳ ಬಂದು ಬಸ್ಸು ನಿಂತಿದ್ದವು. ಉಳಿದದ್ದು ಹೊಳೆಆಲೂರಿನಿಂದ ಮೂರೂವರೆಗೆ ಹೊರಡುವ ರೈಲು ಒಂದೇ. ಅಲ್ಲಿಗೆ ರೋಣದ ಮೇಲೆ ಹೋಗಬೇಕು. ಆಗ ಒಂದು ಗಂಟೆ ದಾಟಿತ್ತು. ಊರಲ್ಲಿ ಆ ಕಾರು ನಡೆಸಬಲ್ಲವರು ಇಬ್ಬರೇ. ಒಬ್ಬ ಹಾಸಿಗೆಯಲ್ಲಿ ಮುದುಡಿ ಬಿದ್ದಿದ್ದ. ಇನ್ನೊಬ್ಬಳು ನಾನು.

ಓಡಿ ಮಿಸ್ತ್ರಿ ಕಾಕಾನ ಮನೆಗೆ ಹೋದೆ. ರೊಟ್ಟಿ ಮುರಿಯುತ್ತಿದ್ದರು. ಅಣ್ಣನ ಸ್ಥಿತಿ ಹೇಳಿದೆ. ಕೈ ತೊಳೆದು, ಸ್ಕ್ರೂಡ್ರೈವರನ್ನು ಸೊಂಟಕ್ಕೆ ಸಿಕ್ಕಿಸಿ, "ನಡಿ" ಎಂದರು.

ಅಣ್ಣನನ್ನು ಸೀಟಿಗೆ ದಿಂಬು ಕೊಟ್ಟು ಕೂಡಿಸಿದೆವು. ಕಾಕಾ ಸೀಟಿನ ಹಿಂದೆ ಮಡಚಿಟ್ಟ ಕ್ಯಾನ್ವಾಸ್ ಚಾವಣಿಯ ಮೇಲೆ ಕೂತು ನನ್ನ ಹೆಗಲ ಮೇಲೆ ಕೈ ಇಟ್ಟರು. ಅಣ್ಣನ ಜೇಬುಗಡಿಯಾರವನ್ನು ಅವರ ಇನ್ನೊಂದು ಕೈಗೆ ಕೊಟ್ಟು, "ಕಾಕಾ, ನಡುನಡುವ ಹೊತ್ತು ಹೇಳ್ರಿ" ಎಂದೆ. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ಅವರಿಗೆ ಇನ್ನೂ ಕಾಣುತ್ತದೆಂದು ನಾನು ತಿಳಿದಿದ್ದೆ.

ರೋಣದವರೆಗೆ ಜಲ್ಲಿ ಹಾಕಿದ ಖಡಿ ರಸ್ತೆ, ತೊಂದರೆ ಆಗಲಿಲ್ಲ. ರೋಣ ದಾಟಿದ ಮೇಲೆ ಎರೆಮಣ್ಣಿನ ದಾರಿ. ಮೈಲಿ ಎರಡು ಹೋಗುವುದರೊಳಗೆ ಕಾರು ಗೊಣಗತೊಡಗಿತು. ಗೇರು ಇಳಿಸಿದೆ, ಮತ್ತೆ ಇಳಿಸಿದೆ. ಕಪ್ಪು ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನ ಕೆಳಗೆ ತುಂಬಿ, ಗಾಲಿ ಕಚ್ಚಿಕೊಂಡು ನಿಂತಿತು. ಎಂಜಿನ್ ಬಂದ್ ಆಯಿತು. ಅಣ್ಣ ಒಮ್ಮೆ ಕೂಗಿದ, ಆಮೇಲೆ ತುಟಿ ಕಚ್ಚಿಕೊಂಡ. ಆ ಟೈರು ತಂದವನು ಅವನೇ ಎಂಬುದು ಮೂವರಿಗೂ ಗೊತ್ತಿತ್ತು.

ಕಾಕಾ ಕೆಸರಲ್ಲಿ ಮೊಣಕಾಲೂರಿ ಸ್ಕ್ರೂಡ್ರೈವರಿನಿಂದ ಮಣ್ಣು ಕೆದರಿದರು. ನಾನು ಕೈಯಿಂದ ಬಾಚಿದೆ. ನಾಲ್ಕು ಗಾಲಿ ಬಿಡಿಸಿದೆವು. ಹತ್ತು ಮಾರು ಹೋಗುವುದರಲ್ಲಿ ಮತ್ತೆ ಕಚ್ಚಿತು. ನಾನು ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟೆ.

"ಅಳೂದು ಸ್ಟೇಷನ್ನಿನ್ಯಾಗ ಅಳು" ಎಂದರು ಕಾಕಾ. "ಈಗ ಇಳಿ. ಟೈರು ಸಣ್ಣದು ಮಾಡೂಣು."

ಒಂದೊಂದು ಗಾಲಿಯ ಹತ್ತಿರ ಕೂತು, ವಾಲ್ವಿನ ಬಾಯಿಗೆ ಮೊಳೆ ಒತ್ತಿ ಗಾಳಿ ಬಿಟ್ಟರು. ಕಿವಿಯನ್ನು ಟೈರಿಗೆ ಹಚ್ಚಿ ಸಿಳ್ಳಿನ ಸದ್ದು ಕೇಳುತ್ತ, ಅದರ ಮೈಯನ್ನು ಬೆರಳಿಂದ ಒತ್ತಿ ನೋಡುತ್ತ, ಸಾಕೆನಿಸಿದಾಗ ಮೊಳೆ ತೆಗೆಯುತ್ತಿದ್ದರು. ಕಾರು ಸ್ವಲ್ಪ ಕುಸಿದು ಅಗಲವಾಗಿ ಕೂತಿತು.

"ಈಗ ಹಳೇ ಅಳತಿಗೆ ಹತ್ರ ಬಂತು. ಹೆಜ್ಜಿ ಸಣ್ಣದಾತು, ಎಂಜಿನ್ ಎಳೀತೈತಿ. ಆದ್ರ ಲಗೂ ಓಡಿಸಿದ್ರ ಟೈರು ಕಿತ್ತು ಹೋಗತೈತಿ. ಮೂರನೇ ಗೇರು ಬಿಟ್ಟು ಮ್ಯಾಲ ಏರಿಸಬ್ಯಾಡ. ಹಾಡಿನ ಮ್ಯಾಲ ಇರಲಿ."

"ಕಾಕಾ, ಹೊತ್ತೆಷ್ಟಾತು?"

ಗಡಿಯಾರವನ್ನು ಮುಖದ ಹತ್ತಿರ ತಂದರು. "ಎರಡೂಕಾಲು. ಇನ್ನೂ ಭಾಳ ಹೊತ್ತೈತಿ."

ಈಗ ಗಾಲಿ ತಿರುಗಿತು. ಮಣ್ಣು ಮೆತ್ತಿದರೂ, ಸಡಿಲಾದ ಟೈರು ಮಣಿದಂತೆಲ್ಲ ಬಿಟ್ಟು ಬೀಳುತ್ತಿತ್ತು. ಅಣ್ಣ ಬೆವರಿ ತಣ್ಣಗಾಗಿದ್ದ. ಅವನ ತಲೆ ನನ್ನ ತೋಳಿಗೆ ತಾಗಿದಾಗಲೆಲ್ಲ ನನ್ನ ಕಾಲು ತಾನಾಗಿಯೇ ಒತ್ತುತ್ತಿತ್ತು. ಎಂಜಿನ್ ಚೀರಿದರೆ ಸಾಕು, ಹೆಗಲ ಮೇಲಿನ ಕೈ ಬಿಗಿಯಾಗುತ್ತಿತ್ತು. ನಾಲ್ಕನೆಯ ಗೇರಿಗೆ ಹಾಕಿ ಬಿಟ್ಟುಬಿಡಲೇ ಎಂದು ಎಷ್ಟು ಸಲ ಅನಿಸಿತೋ.

"ಹೊತ್ತೆಷ್ಟು ಕಾಕಾ?"

"ಎರಡೂ ಮುಕ್ಕಾಲು. ಭಾಳ ಹೊತ್ತೈತಿ, ಹಿಂಗ ಹೋಗು."

ದೂರದಲ್ಲಿ ಮಲಪ್ರಭೆಯ ಕಡೆಯ ಮರಗಳು ಕಂಡವು. ರೈಲಿನ ಸೀಟಿ ಕೇಳಿಸಿತು. ನಾನು ಕಾಲು ಒತ್ತಿದೆ.

"ಅದು ಮಾಲು ಗಾಡಿ" ಎಂದರು ಕಾಕಾ, ಕಿವಿಗೊಟ್ಟು. "ನಮ್ಮ ಗಾಡಿ ಅಲ್ಲ. ಈಗ ಮೂರು ಹೊಡದು ಹತ್ತು ನಿಮಿಷ. ಹಾಡಿನ ಮ್ಯಾಲ ಇರಲಿ ತಂಗೆವ್ವಾ."

ನಂಬಿದೆ. ಕಾಲು ಸಡಿಲಿಸಿದೆ.

ಸ್ಟೇಷನ್ನಿಗೆ ಬಂದಾಗ ಟೈರು ನಾಲ್ಕೂ ಗಾಲಿಯ ಮೇಲೇ ಇದ್ದವು. ಪ್ಲಾಟ್‌ಫಾರ್ಮಿನಲ್ಲಿ ರೈಲು ನಿಂತಿತ್ತು, ಅದರ ಎಂಜಿನ್ ನೀರು ಕುಡಿಯುತ್ತಿತ್ತು. ಸ್ಟೇಷನ್ನಿನ ದೊಡ್ಡ ಗಡಿಯಾರ ನೋಡಿದೆ. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಮಳೆಯ ದೆಸೆಯಿಂದ ಗಾಡಿ ತಡವಾಗಿ ಬಂದಿತ್ತು, ಅಷ್ಟೇ. ಹಮಾಲರು ಅಣ್ಣನನ್ನು ಎತ್ತಿ ಡಬ್ಬಿಯೊಳಗೆ ಮಲಗಿಸಿದರು, ನಾನೂ ಹತ್ತಿದೆ. ಕಾಕಾ ಕಿಟಕಿಯಲ್ಲಿ ಕೈ ತೂರಿಸಿ ಜೇಬುಗಡಿಯಾರವನ್ನು ನನ್ನ ಅಂಗೈಗೆ ಒತ್ತಿದರು.

ರೈಲು ಹೊರಟ ಮೇಲೆ ಅದನ್ನು ತೆರೆದೆ. ಒಂಬತ್ತು ಹತ್ತಕ್ಕೆ ನಿಂತಿತ್ತು. ಅಣ್ಣ ಹಾಸಿಗೆ ಹಿಡಿದ ಮೇಲೆ ಅದಕ್ಕೆ ಯಾರೂ ಚಾವಿ ಕೊಟ್ಟಿರಲಿಲ್ಲ.

ಗದಗಿನಲ್ಲಿ ಆ ಸಂಜೆಯೇ ಹೊಟ್ಟೆ ಕೊಯ್ದರು. ಇನ್ನೊಂದೆರಡು ತಾಸು ತಡವಾಗಿದ್ದರೆ ಒಡೆಯುತ್ತಿತ್ತು ಎಂದರು. ಅಣ್ಣ ಊರಿಗೆ ಬಂದವನೇ, ನಡು ನೆಟ್ಟಗೆ ಮಾಡಲಾಗದಿದ್ದರೂ, ಗಜಕೋಲು ಹಿಡಿದು ಮಿಸ್ತ್ರಿ ಕಾಕಾನ ಮನೆಗೆ ಹೋದ. ಅಲ್ಲಿಯವರೆಗೆ ಅವರನ್ನು ಏಕವಚನದಲ್ಲೇ ಕರೆದವನು. "ಮಿಸ್ತ್ರಿಯವರ, ಟೈರು ಇನ್ನೊಮ್ಮೆ ಅಳೀಬೇಕ್ರಿ" ಎಂದ. ಕಾಕಾ ಗಜಕೋಲು ತೆಗೆದುಕೊಂಡರು. ಆ ಮಾತು ಅಲ್ಲಿಗೆ ಮುಗಿಯಿತು.

ನಾನು ಬಿಡುವವಳಲ್ಲ. ಒಬ್ಬರೇ ಸಿಕ್ಕಾಗ ಗಡಿಯಾರದ ವಿಷಯ ತೆಗೆದೆ. "ನಿಂತಿದ್ದು ಕಾಣಲಿಲ್ಲೇನ್ರಿ ಕಾಕಾ?"

"ಕಾಣೂದು ಎಂದೋ ಹೋಗೈತಿ. ಕೇಳಿತ್ತವಾ. ಕೈಗೆ ಕೊಟ್ಟ ಕೂಡ್ಲೆ ಕೇಳಿತ್ತು, ಟಿಕ್ ಅನ್ನಲಿಲ್ಲ ಅದು."

"ಮತ್ತ ಖರೇ ಹೊತ್ತು?"

"ನನಗೇನು ಗೊತ್ತು? ಗಾಡಿ ತಪ್ಪಿತು ಅಂತ ತಿಳದಿದ್ದೆ. ಗಾಬರಿ ಆಗಿ ಒತ್ತಿದ್ದಿ ಅಂದ್ರ ಟೈರು ಹೋಗಿ ನಡುದಾರ್ಯಾಗ ಬೀಳತಿದ್ವಿ. ಮುಳ್ಳು ಸುಳ್ಳು ಹೇಳತೈತಿ ಅಂತ ಜಲ್ಮ ಎಲ್ಲಾ ಬೈದೆ. ಅವತ್ತು ಮುಳ್ಳಿನ ಪರವಾಗಿ ನಾನ ಸುಳ್ಳು ಹೇಳಿದೆ."

ಮೂರು ವರ್ಷಗಳ ನಂತರ ಕಾಕಾ ಹಾಸಿಗೆ ಹಿಡಿದರು. ಅದೇ ಡಾಕ್ಟರು ನಾಡಿ ಹಿಡಿದು, ಸಂಜೆಯವರೆಗೆ ಎಂದು ನನಗೆ ಸನ್ನೆ ಮಾಡಿ ಹೋದರು. ಮಧ್ಯಾಹ್ನದ ಬಿಸಿಲು ಹೊಸ್ತಿಲವರೆಗೆ ಬಂದಿತ್ತು. ನಾನು ಹಾಸಿಗೆಯ ಪಕ್ಕ ಕೂತಿದ್ದೆ, ಅಣ್ಣನಿಂದ ಇಸಿದುಕೊಂಡ ಜೇಬುಗಡಿಯಾರ ನನ್ನ ಕೈಯಲ್ಲಿತ್ತು. ಅದಕ್ಕೆ ನಾನು ದಿನಾ ಚಾವಿ ಕೊಡುತ್ತಿದ್ದೆ. ಸದ್ದು ಅವರಿಗೆ ಕೇಳಿಸಿರಬೇಕು, ಮುಖ ಇತ್ತ ತಿರುಗಿಸಿದರು.

"ತಂಗೆವ್ವಾ, ಹೊತ್ತೆಷ್ಟಾತು?"

ನನ್ನ ಕೈ ಅವರ ಹೆಗಲ ಮೇಲಿಟ್ಟೆ. "ಇನ್ನೂ ಭಾಳ ಹೊತ್ತೈತಿ ಕಾಕಾ" ಎಂದೆ.

ಸವೆದ ಆ ಎರಡು ಹಲ್ಲು ಕಾಣುವಂತೆ ನಕ್ಕರು. "ಹಂಗಾದ್ರ ಮೂರನೇ ಗೇರಿನ್ಯಾಗ ಹೋಗೂಣು" ಎಂದರು.