ಸ್ಯಾನ್ ಮಟಿಯೋದಲ್ಲಿ ಹಿಮದ ಟೈರು

ಸ್ಯಾನ್ ಮಟಿಯೋದಲ್ಲಿ ಪೆಟ್ಟಿಗೆಯಿಂದ ಸ್ವೆಟರ್ ಹೊರಬರುವುದೇ ಅಪರೂಪ. ಅಂಥ ಊರಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಫಖರುನ್ನಿಸಾ ಪ್ರತಿ ನವೆಂಬರಿನಲ್ಲಿ ಕಾರಿನ ನಾಲ್ಕೂ ಟೈರು ಬಿಚ್ಚಿಸಿ ಮಂಜುಗಡ್ಡೆಯ ಮೇಲೂ ಜಾರದಂಥ ಹಿಮದ ಟೈರು ಹಾಕಿಸುತ್ತಿದ್ದಳು! ಬಿಚ್ಚಿದ ನಾಲ್ಕು ಅವಳ ಬಾಲ್ಕನಿಯಲ್ಲಿ, ನನ್ನ ತುಳಸಿ ಕುಂಡದ ನೇರಕ್ಕೆ. ಆ ರಬ್ಬರಿನ ವಾಸನೆಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೈಸೂರಿನ ಹುಡುಗಿ ಅವಳು. ಮದುವೆಯಾಗಿ ಮೊದಲು ಹೋದದ್ದು ಮಿನಿಯಾಪೊಲಿಸ್‌ಗೆ. ಅಲ್ಲಿ ಮಂಜುಗಡ್ಡೆಯ ಮೇಲೆ ಕಾರು ಬುಗುರಿಯಂತೆ ತಿರುಗಿತ್ತಂತೆ. ಆ ಭಯ ಕಟ್ಟಿಕೊಂಡೇ ಇಲ್ಲಿಗೆ ಬಂದಳು. ಡಾಟ್ ಕಾಮಿನ ಅಮಲಿನ ಕಾಲ, ಬಂದ ಕೂಡಲೇ ಕೆಲಸ ಸಿಕ್ಕಿತು. ಬೇರೆಯವರು ಬರೆದ ಸಾಫ್ಟ್‌ವೇರು ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವ ಕೆಲಸ. ರಸ್ತೆಯಲ್ಲೂ ಅದೇ ಬುದ್ಧಿ.

ನನ್ನ ಗಂಡ ಜಯರಾಜ್ ಸುಮ್ಮನಿರುವ ಜಾತಿಯಲ್ಲ. "ಏನ್ರೀ ಫಖ್ರೂ, ಇಲ್ಲಿ ಮನುಷ್ಯರಿಗೇ ಸ್ವೆಟರ್ ಬೇಡ, ಟೈರಿಗೆ ಯಾಕ್ರೀ? ಆ ರಬ್ಬರು ಮೆತ್ತಗಿರತ್ತೆ, ಈ ಬಿಸಿಲಿಗೆ ಬೇಗ ಸವೆದು ಹೋಗತ್ತೆ. ಹಿಮ ನೋಡೋ ಆಸೆ ಆದ್ರೆ ಫ್ರೀಜರ್ ಬಾಗಿಲು ತೆಗೀರಿ!"

"ನಗಿ, ನಗಿ. ನನ್ನ ಟೈರಿಗೂ ಒಂದು ದಿನ ಬರತ್ತೆ," ಎನ್ನುತ್ತಿದ್ದಳು ಅವಳು. ಜಯರಾಜ್ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೂ ಆ ದಿನ ಬಂದೇಬಿಟ್ಟಿತು.

ಆ ವರ್ಷ ರಂಜಾನ್ ಚಳಿಗಾಲದಲ್ಲಿ ಬಿತ್ತು. ಮೈಸೂರಿನಿಂದ ಅವಳ ತಾಯಿ ಬಂದಿದ್ದರು. ನಾವೆಲ್ಲ ಅವರನ್ನು ಅಮ್ಮಿ ಎಂದೇ ಕರೆಯುತ್ತಿದ್ದೆವು. ನಾನಿದ್ದರೆ ತಾಯಿ ಮಗಳು ಕನ್ನಡದಲ್ಲೇ ಜಗಳವಾಡುತ್ತಿದ್ದರು, ನ್ಯಾಯ ಹೇಳಲು ಒಬ್ಬರು ಬೇಕಲ್ಲ! ಅಮ್ಮಿಯದು ಒಂದೇ ಹಟ. ಹಬ್ಬದ ಚಂದ್ರನನ್ನು ತಮ್ಮ ಕಣ್ಣಾರೆ ಕಾಣಬೇಕು. "ಯಾರೋ ಫೋನ್ ಮಾಡಿ ಹೇಳಿದ್ರೆ ಚಂದ್ರ ಹುಟ್ತಾನೇನಮ್ಮ? ನಾನು ನೋಡಲಿಲ್ಲ ಅಂದ್ರೆ ನನಗೆ ಇನ್ನೊಂದು ಉಪವಾಸ. ನೀವು ಹಬ್ಬ ಮಾಡ್ಕೊಳ್ಳಿ."

ಇನ್ನೊಂದು ಉಪವಾಸದ್ದಲ್ಲ ಫಖ್ರೂವಿನ ಚಿಂತೆ. ಹಬ್ಬದ ಪಾಯಸ ಷೀರ್ ಖುರ್ಮಾಕ್ಕೆ ಖರ್ಜೂರ ಬಿಡಿಸುತ್ತಾ ನನಗೆ ಹೇಳಿದಳು. "ಚಂದ್ರನ್ನ ನೋಡಿದ ಕೂಡಲೇ ಅಮ್ಮಿ ಕಣ್ಣು ಮುಚ್ಕೋತಾರೆ ಕಣೆ. ಆಮೇಲೆ ಕಣ್ಣು ಬಿಟ್ಟು, ವರ್ಷವೆಲ್ಲ ಒಳ್ಳೇದಾಗ್ಲಿ ಅಂತ, ಮೊದಲು ನೋಡೋದು ಅಖ್ತರ್ ಅಣ್ಣನ ಮುಖ. ಪ್ರತಿ ವರ್ಷ ಅವನದ್ದೇ. ನಾನು ಪಕ್ಕದಲ್ಲೇ ನಿಂತಿರ್ತಿದ್ದೆ ಆಶಾ. ಮುಂದಿನ ವಾರ ಅಮ್ಮಿ ವಾಪಸ್ ಹೋಗ್ತಾರೆ. ಒಂದೇ ಒಂದ್ಸಲ..." ಮೂಗು ಒರೆಸಿಕೊಂಡಳು.

ಚಂದ್ರ ಕಾಣಬೇಕಾದ ದಿನ ನೋಡಿದರೆ ಊರ ತುಂಬ ಮೋಡ! ಮಧ್ಯಾಹ್ನ ಫಖ್ರೂ ಕಾರಿನ ಕೀಲಿ ಹಿಡಿದು ಬಂದಳು. "ಮೋಡದ ಮೇಲಕ್ಕೇ ಹೋಗೋಣ, ಹ್ಯಾಮಿಲ್ಟನ್ ಬೆಟ್ಟಕ್ಕೆ. ನೀನೂ ಬಾ."

"ಹುಚ್ಚೇನೇ ನಿಂಗೆ? ಅಲ್ಲಿ ರಾತ್ರಿಯೆಲ್ಲ ಹಿಮ ಬಿದ್ದಿದೆಯಂತೆ!"

ಅವಳ ಮುಖ ಅರಳಿತು. "ಬಿದ್ದಿದೆ, ಅಲ್ವಾ?"

ಫ್ರೀವೇ ಉದ್ದಕ್ಕೂ ಆ ಟೈರುಗಳು ಗುಂಯ್ ಎನ್ನುತ್ತಿದ್ದವು. ಸ್ಯಾನ್ ಹೋಸೆ ದಾಟಿ ಬೆಟ್ಟ ಹತ್ತತೊಡಗಿದಾಗ ಮೋಡದೊಳಗೆ ಹೊಕ್ಕೆವು, ದಾರಿಯೇ ಕಾಣದು. ಅಮ್ಮಿ ಜಪಮಣಿ ಎಣಿಸುತ್ತಿದ್ದರು, ನಾನು ಉಡುಪಿ ಕೃಷ್ಣನಿಗೆ ಹರಕೆ ಹೊತ್ತೆ. "ನಾವು ಚೌತಿ ಚಂದ್ರ ಕಣ್ಣಿಗೆ ಬೀಳದಿರಲಿ ಅಂತ ಒಳಗೆ ಓಡ್ತೀವಿ. ನೀವು ನೋಡ್ಲೇಬೇಕು ಅಂತ ಬೆಟ್ಟ ಹತ್ತುತ್ತೀರಲ್ಲ ಮಾರಾಯ್ತಿ!" ಎಂದೆ. ಅಮ್ಮಿ ಕಿಸಕ್ಕನೆ ನಕ್ಕರು.

ತುದಿಗೆ ಇನ್ನು ನಾಲ್ಕಾರು ತಿರುವು ಇರುವಾಗ ರಸ್ತೆ ಬೆಳ್ಳಗಾಯಿತು. ಎರಡು ಕಾರು ಚಕ್ರ ಸುಮ್ಮನೆ ತಿರುಗಿಸುತ್ತಾ ಮುಂದೆ ಹೋಗಲಾರದೆ ನಿಂತಿದ್ದವು. ರಸ್ತೆ ಕಾವಲಿನವನು ನಮ್ಮನ್ನೂ ತಡೆದು ಚಕ್ರಕ್ಕೆ ಕಟ್ಟುವ ಸರಪಳಿ ಇದೆಯೇ ಎಂದು ಕೇಳಿದ. ಫಖ್ರೂ ಟೈರು ತೋರಿಸಿದಳು. ಅವನು ಬಗ್ಗಿ ನೋಡಿ, ಹುಬ್ಬೇರಿಸಿ, ನಿಧಾನ ಹೋಗಿ ಎಂದು ಕೈಬೀಸಿದ. ಅಬ್ಬಾ, ಅವಳು ಬೀಗುವುದನ್ನು ನೋಡಬೇಕಿತ್ತು! ಕಾರು ಒಂದಿಷ್ಟೂ ಜಾರಲಿಲ್ಲ.

ಮೇಲೆ ಮುಟ್ಟಿದಾಗ ಮೋಡವೆಲ್ಲ ಕಾಲ ಕೆಳಗೆ! ಸೂರ್ಯ ಮುಳುಗಿದ. ಅಮ್ಮಿ ಖರ್ಜೂರ ಬಾಯಿಗಿಟ್ಟು ಉಪವಾಸ ಬಿಟ್ಟರು. ಆಕಾಶದ ಕೆಂಪು ಆರುವುದನ್ನೇ ಕಾದೆವು. ಮೊದಲು ಕಂಡದ್ದು ನನಗೆ. "ಅಗೋ, ಅಗೋ ಅಲ್ಲಿ!" ಎಂದು ಕಿರುಚಿದೆ. ಕತ್ತರಿಸಿ ಎಸೆದ ಉಗುರಿನಷ್ಟು ತೆಳು, ಮೋಡದಂಚಿಗೆ ಇಳಿದೇಬಿಟ್ಟಿದೆ. ಅಮ್ಮಿ ಎಲ್ಲಿ? ಕುಕ್ಕರುಗಾಲಿನಲ್ಲಿ ಕೂತು ಹಿಮ ಹಿಸುಕುತ್ತಿದ್ದಾರೆ! "ಅಯ್ಯೋ, ರವೆ ಇದ್ದಂಗಿದೆಯಲ್ಲಮ್ಮ ಇದು!"

"ಅಮ್ಮಿ, ಮೇಲೆ ನೋಡಿ! ಮುಳುಗ್ತಿದೆ!" ಫಖ್ರೂ ಕೂಗಿದಳು.

ಅಮ್ಮಿ ಎದ್ದು ನೋಡಿದರು. ಒದ್ದೆ ಕೈ ಎತ್ತಿ ದುವಾ ಮಾಡಿದರು. ಗಟ್ಟಿಯಾಗಿ ಕಣ್ಣು ಮುಚ್ಚಿದರು.

ಫಖ್ರೂ ಅವರೆದುರಿಗೆ ನಿಲ್ಲಲು ಓಡಿದಳು. ಕಾರಿಗೆ ನಾಲ್ಕು ಹಿಮದ ಟೈರು ಹಾಕಿಸಿದ ಮಹಾರಾಯ್ತಿ ಕಾಲಿಗೆ ಹಾಕಿದ್ದು ಹವಾಯಿ ಚಪ್ಪಲಿ! ಜಾರಿ ದೊಪ್ಪನೆ ಬೋರಲು ಬಿದ್ದಳು.

"ಫಖ್ರೂ, ಎಲ್ಲಿದ್ದೀಯಾ?" ಅಮ್ಮಿಯ ಕಣ್ಣು ಇನ್ನೂ ಮುಚ್ಚಿತ್ತು. "ಬೇಗ ಬಾರೇ, ನಿನ್ನ ಮುಖ ನೋಡ್ಬೇಕು."

"ಬಂದೆ ಅಮ್ಮಿ, ಬಂದೆ! ತೆಗೀಬೇಡಿ!" ಏಳಲೂ ಪುರುಸೊತ್ತಿಲ್ಲದೆ ಮೊಣಕಾಲಲ್ಲೇ ತೆವಳಿಕೊಂಡು ಹೋದಳು. ಗಲ್ಲ, ಮೂಗು, ರೆಪ್ಪೆ ಎಲ್ಲ ಹಿಮ.

"ಹೂಂ, ಈಗ ತೆಗೀರಿ," ಎಂದಳು.