ಮೆಹಬೂಬ್ ಸಾಬರ ಪುಕ್ಕದ ಗಾಳ

ಪಕ್ಕದ ಮನೆಯವರು ಕೋಳಿ ಸಾಕಿದ್ದಾರೆ. ಅವರ ಹುಂಜಕ್ಕೂ ನನಗೂ ಅಷ್ಟಕ್ಕಷ್ಟೆ. ನಾನು ಜಗಲಿಯಲ್ಲಿ ಪೇಪರ್ ಬಿಚ್ಚಿದಾಗಲೇ ಅದಕ್ಕೆ ಕೂಗಬೇಕು. ಈ ಬೆಳಿಗ್ಗೆ ಅದರ ಕತ್ತಿನ ಗರಿಯೊಂದು ಗಾಳಿಗೆ ಹಾರಿಬಂದು ನನ್ನ ಕಾಫಿ ಲೋಟದ ಪಕ್ಕ ಬಿತ್ತು. ಕೆಂಪು ಗರಿ, ತುದಿಯಲ್ಲಿ ಒಂಚೂರು ಹೊಂಬಣ್ಣ. ಬೆಳ್ಳುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆಯಲ್ಲಿ ಹುಟ್ಟಿದ ನಾನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಎಳೆ ಬಿಗಿಯಾಗಿದೆ, ಗಾಳಕ್ಕೆ ಆಗುತ್ತದೆ ಎಂದುಕೊಂಡೆ. ನಿಮಗೆ ನಗು ಬರಬಹುದು. ಮೀನು ತಿನ್ನದವನಿಗೆ ಗಾಳದ ಉಸಾಬರಿ ಯಾಕೆ? ಹೇಳುತ್ತೇನೆ, ಕೂತುಕೊಳ್ಳಿ.

ಐವತ್ತರ ದಶಕದಲ್ಲಿ ನಾನು ಅಜ್ಜಂಪುರದ ಪೋಸ್ಟಾಫೀಸಿನಲ್ಲಿ ಗುಮಾಸ್ತನಾಗಿದ್ದೆ. ಎದುರಿಗೇ ಮೆಹಬೂಬ್ ಸಾಬರ ಹೊಲಿಗೆ ಅಂಗಡಿ. ನನಗಿಂತ ಹತ್ತು ವರ್ಷ ದೊಡ್ಡವರು, ತೆಳ್ಳನೆಯ ಆಳು, ಮಾತು ಕಡಿಮೆ. ಟಪಾಲು ಹೋದ ಮೇಲೆ ನಾನು ಅವರ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದೆ. ಒಂದು ದಿನ ಅವರು ಬಟ್ಟೆ ಹೊಲಿಯುವುದು ಬಿಟ್ಟು, ಸಣ್ಣದೊಂದು ಗಾಳದ ಕೊಕ್ಕೆಗೆ ಹುಂಜದ ಗರಿಯನ್ನು ಕೆಂಪು ರೇಷ್ಮೆ ದಾರದಿಂದ ಸುತ್ತುತ್ತಿದ್ದರು. ಏನೆಂದು ಕೇಳಿದೆ. ಹುಳ ಎಂದರು. ನೀರಿನ ಮೇಲೆ ಬಿದ್ದ ಹುಳವೆಂದು ನಂಬಿ ಮೀನು ಬಾಯಿ ಹಾಕಬೇಕಂತೆ.

ಈ ವಿದ್ಯೆ ಅವರ ತಂದೆಯದು. ತಂದೆ ತರೀಕೆರೆಯ ಆಚೆ ಕಾಫಿ ತೋಟದ ಬಿಳಿ ದೊರೆಯೊಬ್ಬನಿಗೆ ಅಡುಗೆಯವರಾಗಿದ್ದರು. ದೊರೆ ಭದ್ರಾ ಹೊಳೆಗೆ ಹೋಗಿ, ಎರೆಹುಳ ಗಿರೆಹುಳ ಮುಟ್ಟದೆ, ಬರೀ ಪುಕ್ಕ ಕಟ್ಟಿದ ಗಾಳವನ್ನು ಬೀಸಿ ದೊಡ್ಡ ಮೀನು ಹಿಡಿಯುತ್ತಿದ್ದನಂತೆ. ಜೊತೆಗೆ ಹೋಗಿ ಹೋಗಿ ಅಡುಗೆಯವರ ಕೈ ದೊರೆಯ ಕೈಯನ್ನು ಮೀರಿಸಿತು. ಲಕ್ಕವಳ್ಳಿಯಿಂದ ಹೊಳೆದಂಡೆ ಹಿಡಿದು ಮೇಲಕ್ಕೆ ಒಂದು ಗಂಟೆ ನಡೆದರೆ ಒಂದು ಮಡು. ಅಲ್ಲಿಗೆ ತಂದೆ ಮಗನನ್ನು ಒಮ್ಮೆ ಕರೆದುಕೊಂಡು ಹೋಗಿ, ನೋಡಿಕೋ, ಮುಂದಿನ ವರ್ಷ ಕೋಲು ನಿನ್ನ ಕೈಗೆ ಕೊಡುತ್ತೇನೆ ಎಂದಿದ್ದರು. ಮುಂದಿನ ವರ್ಷಕ್ಕೆ ಮೊದಲೇ ಮಲೇರಿಯಾ ಅವರನ್ನು ಒಯ್ದಿತು. ಆ ಮಡುವಿನ ಬಂಡೆಯ ಮೇಲೆ ನಿಂತು ಒಂದೇ ಒಂದು ಸಲ ಗಾಳ ಬೀಸಬೇಕು. ಸಾಬರಿಗೆ ಬದುಕಿನಲ್ಲಿ ಇದ್ದ ಆಸೆ ಅದೊಂದೇ. ಲಕ್ಕವಳ್ಳಿಯಲ್ಲಿ ಆಗಲೇ ಅಣೆಕಟ್ಟು ಏಳುತ್ತಿತ್ತು. ಮಡು ಮುಳುಗುವುದು ಖಂಡಿತವಾಗಿತ್ತು.

ಹೀಗೆ ನಾನು ಈ ಯಾತ್ರೆಯ ಮಂತ್ರಿಯಾದೆ. ಹೋಗುವುದಕ್ಕಿಂತ ಹೋಗುವ ಪಟ್ಟಿ ಬರೆಯುವುದರಲ್ಲೇ ನನಗೆ ಸುಖ. ಇಬ್ಬರ ಜೇಬೂ ತೂತು. ಆದ್ದರಿಂದ ಎಲ್ಲವೂ ಮನೆಯಲ್ಲೇ ಆಗಬೇಕೆಂದು ತೀರ್ಮಾನಿಸಿದೆವು. ಕೋಲಿಗೆ ಹಿತ್ತಲ ಬಿದಿರು. ದಾರಕ್ಕೆ ರೇಷ್ಮೆ ಎಳೆ ಹೊಸೆದು ಮೇಣ ಸವರಿದ್ದು. ದಾರ ಸುತ್ತಲು ಮಷೀನು ದಾರದ ಖಾಲಿ ಮರದ ಉರುಳೆ. ತರೀಕೆರೆಯವರೆಗೆ ಬಸ್ಸು, ಅಲ್ಲಿಂದ ಅಣೆಕಟ್ಟಿಗೆ ಸಿಮೆಂಟು ಹೊರುವ ಲಾರಿ. ಅದರ ಡ್ರೈವರಿಗೆ ಖಾಕಿ ಚಡ್ಡಿ ಹೊಲಿದುಕೊಟ್ಟವರು ಸಾಬರೇ. ಊಟಕ್ಕೆ ನಮ್ಮ ಮನೆಯ ಅವಲಕ್ಕಿ. ಸಿಕ್ಕ ಮೀನನ್ನು ಮತ್ತೆ ನೀರಿಗೇ ಬಿಡಬೇಕೆಂಬುದು ನನ್ನ ಷರತ್ತು. ಅಬ್ಬಾನೂ ಕೆಲವು ಸಲ ಹಾಗೇ ಮಾಡುತ್ತಿದ್ದರು ಎಂದು ಸಾಬರು ಕೂಡಲೇ ಒಪ್ಪಿದರು. ಅವರ ಹೆಂಡತಿ ಫಾತಿಮಾಬಿ ಮಾತ್ರ, ಹಿಡಿದು ಬಿಡುವುದಕ್ಕೆ ಅಷ್ಟು ದೂರ ಹೋಗುವ ಗಂಡಸರನ್ನು ನಾನು ನೋಡಿರಲಿಲ್ಲ ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಸಂಜೆ ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಬೀಸುವ ಅಭ್ಯಾಸ. ಸಾಬರ ಕೈಯಲ್ಲಿ ದಾರ ಗಾಳಿಯಲ್ಲಿ ಉದ್ದಕ್ಕೆ ಬಿಚ್ಚಿಕೊಂಡು, ಗರಿ ಹುಲ್ಲಿನ ಮೇಲೆ ಸದ್ದಿಲ್ಲದೆ ಇಳಿಯುತ್ತಿತ್ತು. ನಾನು ಬೀಸಿದರೆ ಅದು ಹಿಂದೆ ಬಂದು ನನ್ನ ಪಂಚೆಯನ್ನೇ ಕಚ್ಚುತ್ತಿತ್ತು.

ಎಲ್ಲವೂ ಸಿದ್ಧವಾಯಿತು, ದಿನವೊಂದನ್ನು ಬಿಟ್ಟು. ನನಗೆ ಭಾನುವಾರ ರಜೆ. ಸಾಬರು ಅಂಗಡಿ ಮುಚ್ಚುತ್ತಿದ್ದುದು ಶುಕ್ರವಾರ. ನನಗಾಗಿ ಭಾನುವಾರವೂ ಮುಚ್ಚಲು ಒಪ್ಪಿದ್ದರು. ನಮಗೆ ಲಕ್ಕವಳ್ಳಿ ಪಡುವಣಕ್ಕೆ. ಭಾನುವಾರ, ಶುಕ್ರವಾರ ಎರಡೂ ದಿನ ಪಡುವಣ ದಿಕ್ಕಿಗೆ ವಾರಶೂಲೆ, ಪ್ರಯಾಣ ಕೂಡದು. ನಮ್ಮ ತಂದೆ ಪಂಚಾಂಗ ಕೇಳದೆ ಕ್ಷೌರಕ್ಕೂ ಕೂರುತ್ತಿರಲಿಲ್ಲ. ಮೇಲಧಿಕಾರಿಯ ಹತ್ತಿರ ಬೇರೆ ದಿನ ರಜೆ ಕೇಳುವ ಎದೆ ನನಗಿರಲಿಲ್ಲ. ಹೀಗೆ ಮೂರು ಬೇಸಿಗೆ ಕಳೆದವು. ಸಾಬರು ಪ್ರತಿ ಬೇಸಿಗೆ ಹೊಸ ಗರಿ ಕಟ್ಟಿದರು.

ನಾಲ್ಕನೆಯ ಬೇಸಿಗೆಯಲ್ಲಿ ತಂದೆಯೇ ಒಂದು ದಾರಿ ಹೇಳಿದರು. ಪ್ರಸ್ಥಾನ ಇಡು ಎಂದರು. ಒಳ್ಳೆಯ ದಿನ ನೋಡಿ ನಮ್ಮ ಚೀಲವನ್ನು ಹೋಗುವ ದಿಕ್ಕಿನಲ್ಲಿ ಬೇರೆಯವರ ಮನೆಯಲ್ಲಿಟ್ಟರೆ ಅಂದೇ ಹೊರಟ ಹಾಗೆ ಲೆಕ್ಕ. ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ. ಇಟ್ಟದ್ದನ್ನು ಮಾತ್ರ ಮನೆಗೆ ಮರಳಿ ತರಬಾರದು. ಗುರುವಾರ ನನ್ನ ಚೀಲವನ್ನೂ ಛತ್ರಿಯನ್ನೂ ಸಾಬರ ಅಂಗಡಿಯಲ್ಲಿಟ್ಟು ಬಂದೆ. ಸಾಬರು ಅವನ್ನು ಕತ್ತರಿಸುವ ಮೇಜಿನ ಕೆಳಗೆ ಜೋಪಾನ ಮಾಡಿದರು. ಶನಿವಾರ ಸಂಜೆ ಆಫೀಸು ಬಿಡುವ ಹೊತ್ತಿಗೆ ದಪದಪ ಮಳೆ. ನಾನು ಯೋಚನೆಯನ್ನೇ ಮಾಡದೆ ಎದುರಿನ ಅಂಗಡಿಗೆ ನುಗ್ಗಿ, ಛತ್ರಿ ತೆಗೆದುಕೊಂಡು ಮನೆಗೆ ಹೋದೆ.

ತಂದೆ ಬಾಗಿಲಲ್ಲೇ ನಿಂತಿದ್ದರು. ‘ಪ್ರಸ್ಥಾನ ಮುರ್ಕೊಂಡು ಬಂದ್ಯಲ್ಲೋ’ ಎಂದರು. ಅಷ್ಟೇ ಮಾತು. ಇಪ್ಪತ್ತೆಂಟು ವರ್ಷದ ಗಂಡಸು ನಾನು. ಮಾರನೆಯ ಬೆಳಿಗ್ಗೆ ಹೋಗಿ, ಕೋಲು ಹಿಡಿದು ಹೊರಗೆ ನಿಂತಿದ್ದ ಸಾಬರಿಗೆ, ಮುಂದಿನ ವಾರ ಹೋಗೋಣ ಎಂದೆ.

ಅವರು ಕೋಲನ್ನು ಗೋಡೆಗೆ ಒರಗಿಸಿದರು. ‘ರಾಯರೇ, ನೀರು ಪಂಚಾಂಗ ನೋಡ್ಕೊಂಡು ಬರಲ್ಲ ಕಣ್ರೀ’ ಎಂದರು. ಆಮೇಲೆ, ‘ಆಗ್ಲಿ, ಮುಂದಿನ ವಾರಾನೇ ಹೋಗಾಣ’ ಎಂದು ಒಳಗೆ ಹೋದರು.

ಮುಂದಿನ ವಾರ ಮಳೆ ಬಿಡಲೇ ಇಲ್ಲ. ಹೊಳೆ ತುಂಬಿತು. ಆ ಮಳೆಗಾಲದಲ್ಲೇ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದರು.

ಚಳಿಗಾಲದಲ್ಲಿ ನಾನು ಅಂತೂ ಒಂದು ದಿನ ರಜೆ ಕೇಳಿದೆ. ಕೇಳಿದ ಕೂಡಲೇ ಕೊಟ್ಟರು. ಮೊದಲೇ ಕೇಳಿದ್ದರೂ ಕೊಡುತ್ತಿದ್ದರು. ಬುಧವಾರ. ಶೂಲೆಯಿಲ್ಲ, ನಕ್ಷತ್ರ ಒಳ್ಳೆಯದು, ಎಲ್ಲವೂ ಸರಿಯಿತ್ತು. ಸಿಮೆಂಟು ಲಾರಿಯಲ್ಲಿ ಲಕ್ಕವಳ್ಳಿ ಸೇರಿ, ಗುಡ್ಡದ ಮಗ್ಗುಲಲ್ಲೇ ನಡೆದೆವು. ಎದುರಿಗೆ ನೀರು, ಕಣ್ಣು ಹಾಯುವಷ್ಟು ದೂರ ನೀರು. ನಡುವೆ ಮರಗಳ ನೆತ್ತಿ ಮಾತ್ರ ಮೇಲಿತ್ತು. ಸಾಬರು ಚಪ್ಪಲಿ ಬಿಟ್ಟು ದಂಡೆಯಲ್ಲಿ ನಿಂತರು. ಒಮ್ಮೆ ಎಡಕ್ಕೆ ಕೈ ತೋರಿಸಿದರು, ಒಮ್ಮೆ ಬಲಕ್ಕೆ. ‘ಎಲ್ಲಿ ಅಂತ ಬೀಸ್ಲಿ ರಾಯರೇ?’ ಎಂದು ಕೇಳಿದರು. ಅವರು ದಾರವನ್ನು ಉರುಳೆಗೆ ಬಿಗಿಯಾಗಿ ಸುತ್ತಿದರು. ಅವಲಕ್ಕಿ ತಿಂದು ವಾಪಸು ಬಂದೆವು.

ಆಮೇಲೂ ಎಷ್ಟೋ ವರ್ಷ ಅವರು ನನ್ನ ಅಂಗಿ ಹೊಲಿದರು. ಒಂದು ದಿನವೂ ಆ ಮಾತೆತ್ತಲಿಲ್ಲ. ನಾನೇ ಎತ್ತಬೇಕಿತ್ತು, ತಪ್ಪಾಯಿತು ಎನ್ನಬೇಕಿತ್ತು. ಸರಿಯಾದ ಗಳಿಗೆ ಬರಲಿ ಎಂದು ಕಾದೆ. ಅವರು ತೀರಿಕೊಂಡಾಗ ಹೆಗಲು ಕೊಟ್ಟೆ, ಅಷ್ಟೆ.

ಹೋದ ತಿಂಗಳು ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಅವರ ಮಗಳು ಜುಬೇದಾ ಸಿಕ್ಕಿದಳು. ಫಾತಿಮಾಬಿ ಈಗ ಅಲ್ಲೇ ಅವಳ ಮನೆಯಲ್ಲಿದ್ದಾರೆ. ಅದೂ ಇದೂ ಮಾತಾಡುತ್ತ ಜುಬೇದಾ, ‘ಅಮ್ಮಿ ಇವತ್ತಿಗೂ ಅಬ್ಬಾನ ಬಯ್ತಾಳೆ ಚಾಚಾ’ ಎಂದಳು. ‘ನೀವು ಚೀಲ ತಂದಿಟ್ಕೊಂಡು ಕಾಯ್ತಿದ್ರಂತೆ. ಅಬ್ಬಾನೇ ಮದುವೆ ಬಟ್ಟೆ ಹೊಲ್ದು ಮುಗೀಲಿಲ್ಲ ಅಂತ ನಿಲ್ಲಿಸ್ಬಿಟ್ರಂತೆ. ತನ್ನಪ್ಪ ತೋರ್ಸಿದ ಜಾಗನ ನಾಲ್ಕು ಜೊತೆ ಬಟ್ಟೆಗೆ ಕಳ್ಕೊಂಡ ಅಂತ ಬಯ್ತಾಳೆ.’

ಮನೆಯಲ್ಲಿ ಸಾಬರು ಹಾಗೆ ಹೇಳಿದ್ದರು. ಅಷ್ಟು ವರ್ಷ ಆ ಬೈಗುಳವನ್ನು ತಾವೇ ತಿಂದುಕೊಂಡು, ಬೆಳಿಗ್ಗೆ ಅಂಗಡಿಗೆ ಬಂದು ನನಗೆ ನಮಸ್ಕಾರ ಹೇಳುತ್ತಿದ್ದರು. ನಾನು ಜುಬೇದಾಗೆ ಹೂಂ ಎಂದೆ. ನನ್ನ ಬಸ್ಸು ಬಂತು, ಹತ್ತಿ ಕೂತೆ. ಹೀಗೂ ಒಬ್ಬ ಮನುಷ್ಯ ಇರುತ್ತಾನೆಯೇ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಇವತ್ತು ಕಾಫಿ ಆರುವವರೆಗೂ ಇದನ್ನೇ ಯೋಚಿಸುತ್ತ ಕೂತಿದ್ದೆ. ನಾಳೆ ತರೀಕೆರೆಗೆ ಹೋಗಿ ಬರುತ್ತೇನೆ ಎಂದು ಹೆಂಡತಿಗೆ ಹೇಳಿದೆ. ನಾಳೆ ಭಾನುವಾರ, ಪಡುವಣಕ್ಕೆ ಆಗದು, ಬುಧವಾರ ಹೋದರಾಯಿತು ಎಂದಳು. ಫಾತಿಮಾಬಿಗೆ ಎಂಬತ್ತು ದಾಟಿದೆ. ಮೊದಲನೇ ಬಸ್ಸಿಗೇ ಹೊರಡುತ್ತೇನೆ. ಹೋಗಿ ಅವರೆದುರು ಕೂತು, ‘ಅವರಲ್ಲಮ್ಮ, ನಿಲ್ಲಿಸಿದ್ದು ನಾನು’ ಎಂದು ಹೇಳಬೇಕು.