ಮಿಲ್ಟ್ರಿ ಕಾಕಾ ಅರ್ಧಕ್ಕೇ ಎದ್ದ ಸಿನಿಮಾ

ಹುಲ್ಲಿನ ಮೇಲೆ ಕಾಲಿಡದ ರೈತನೊಬ್ಬ ಹೂಲಿ ಎಂಬ ಊರಿನಲ್ಲಿದ್ದ ಎಂದರೆ ಯಾರೂ ನಂಬಲಿಕ್ಕಿಲ್ಲ. ಮಿಲ್ಟ್ರಿ ಈರಪ್ಪ ಕಾಕಾ ಹಾಗಿದ್ದರು. ಹೊಲಕ್ಕೆ ಹೊರಟರೆ ಬದುವಿನ ಮೇಲೆ ಎತ್ತುಗಳು ಮುಂದೆ, ಅವು ತುಳಿದ ಜಾಡಿನಲ್ಲೇ ಇವರು ಹಿಂದೆ. ಮಳೆಗಾಲದಲ್ಲಿ ಹಳೆಯ ಗುಡಿಗಳ ಅಂಗಳದಲ್ಲಿ ಹುಲ್ಲು ಎದ್ದಿತೆಂದರೆ ದೇವರಿಗೆ ರಸ್ತೆಯಿಂದಲೇ ಕೈ ಮುಗಿಯುತ್ತಿದ್ದರು. "ಬಂದೂಕ ಹಿಡದವರು ಗರಿಕಿಗೆ ಅಂಜತಾರ ನೋಡ್ರಿ" ಎಂದು ಅವರ ಹೆಂಡತಿ ಗಂಗವ್ವ ಕಾಕು ಊರೆಲ್ಲ ಹೇಳಿ ನಗುತ್ತಿದ್ದರು. ಕಾಕಾ ಮೀಸೆಯೊಳಗೇ ನಗುತ್ತಿದ್ದರು. ಸೈನ್ಯದಲ್ಲಿದ್ದಾಗ ಶಾಂತಿಪಡೆಯ ಜೊತೆ ಆಫ್ರಿಕಾಕ್ಕೆ ಹೋಗಿಬಂದವರು ಎಂಬುದಷ್ಟೇ ನಮಗೆ ಗೊತ್ತಿತ್ತು.

ನಾನು ಆ ಊರ ಸಾಲೆಯ ಶಿಕ್ಷಕಿ, ಅವರ ಎದುರುಮನೆಯವಳು. ಒಮ್ಮೆ ಮಕ್ಕಳಿಗೆ ಆಫ್ರಿಕಾದ ಸಿನಿಮಾವೊಂದನ್ನು ತೋರಿಸಲು ಹೊರಟೆ. ಯುದ್ಧ ಮುಗಿದ ಹಳ್ಳಿಯೊಂದರಲ್ಲಿ ಆಡು ಕಾಯುವ ಹುಡುಗಿಯ ಕತೆ. ಆ ಸೀಮೆ ಕಂಡವರು ಊರಲ್ಲೇ ಇದ್ದಾರಲ್ಲ, ನಾಲ್ಕು ಮಾತು ಹೇಳಲಿ ಎಂದು ಕಾಕಾರನ್ನು ಕರೆದೆ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಮೊದಮೊದಲು ಬಲು ಖುಷಿಯಲ್ಲಿದ್ದರು. ಅಲ್ಲಿಯ ಮಣ್ಣೂ ನಮ್ಮ ಮಸಾರಿಯ ಹಾಗೆ ಕೆಂಪು, ಅಲ್ಲಿಯ ಹೆಣ್ಣುಮಕ್ಕಳೂ ಕಾಳು ಕುಟ್ಟುತ್ತ ಹಾಡುತ್ತಾರೆ ಎಂದು ಮಕ್ಕಳಿಗೆ ಹೇಳುತ್ತಿದ್ದರು. ಅಷ್ಟರಲ್ಲಿ ಪರದೆಯ ಮೇಲೆ ಆಡೊಂದು ತಪ್ಪಿಸಿಕೊಂಡು ಎದೆಯೆತ್ತರದ ಹುಲ್ಲಿಗೆ ನುಗ್ಗಿತು. ಹುಡುಗಿ ಅದರ ಹಿಂದೆ ಹೊರಟಳು. ಕಾಕಾ ಎದ್ದು ನಿಂತರು.

"ಹೋಗಬ್ಯಾಡವ್ವಾ. ಅಲ್ಲೇ ನಿಂದ್ರು."

ಮಕ್ಕಳು ಗೊಳ್ಳೆಂದು ನಕ್ಕರು. ಕಾಕಾ ಪರದೆಗೆ ಬೆನ್ನು ಮಾಡಿ ಹೊರಗೆ ನಡೆದುಬಿಟ್ಟರು. ಹಿಂದೆಯೇ ಓಡಿದೆ. ನಲ್ಲಿಯ ಕಟ್ಟೆಯ ಮೇಲೆ ಕುಳಿತಿದ್ದರು. ಅಂದು ಮೊದಲ ಸಲ ಹೇಳಿದರು. ಅವರ ಕ್ಯಾಂಪಿನ ಮುಂದಿನ ಹೊಲದಲ್ಲಿ ಯುದ್ಧ ಮಾಡಿದವರು ಹೂತಿಟ್ಟು ಹೋದ, ತುಳಿದರೆ ಸಿಡಿಯುವ ಬಾಂಬುಗಳಿದ್ದವಂತೆ. ತೆಗೆಯುವವರು ಬೇರೆ; ಅವರು ಬರುವವರೆಗೆ ಯಾರೂ ಒಳಗೆ ಕಾಲಿಡಬಾರದೆಂದು ಹುಕುಂ. ಎಚ್ಚರಿಕೆಗೆಂದು ಕೆಂಪು ಬಳಿದ ಗೂಟ ಬಡಿದರೆ, ಕಟ್ಟಿಗೆಗೆ ಗತಿಯಿಲ್ಲದ ಜನ ಕಿತ್ತು ಒಲೆಗೆ ಹಾಕುತ್ತಿದ್ದರು. ಇವರು ಬಡಿಯುವುದು, ಅವರು ಕೀಳುವುದು. ದಿನಾ ಕ್ಯಾಂಪಿಗೆ ನೀರಿಗೆ ಬಂದು ಕಾಕಾರಿಗೆ ಸೆಲ್ಯೂಟ್ ಹೊಡೆಯುತ್ತಿದ್ದ ಹುಡುಗಿಯೊಬ್ಬಳು ಒಂದು ಮುಂಜಾನೆ ಆಡಿನ ಬೆನ್ನು ಹತ್ತಿ ಆ ಹೊಲಕ್ಕಿಳಿದಳು.

"ಆಕಿ ಭಾಷಾ ನನಗ ಒಂದೆರಡು ಮಾತು ಬರತಿತ್ತು ಅಕ್ಕೋರ. ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಕನ್ನಡದಾಗ ಒದರಿದೆ. ಆಕಿ ನಿಂತು ನನಗ ಸೆಲ್ಯೂಟ್ ಹೊಡದ್ಲು. ಮತ್ತ ಮುಂದ ಹೋದ್ಲು."

ಮುಂದಿನದನ್ನು ಅವರು ಹೇಳಲಿಲ್ಲ. ನಾನು ಪಕ್ಕದಲ್ಲಿ ಕುಳಿತೆ. ಆಮೇಲೆ ಸಿನಿಮಾದ ಮಾತೆತ್ತಿದಾಗಲೆಲ್ಲ ಅವರು ಎದ್ದು ಹೋಗುತ್ತಿದ್ದರು.

ಕಳೆದ ವರ್ಷ ಅವರು ಹಾಸಿಗೆ ಹಿಡಿದು ಸವದತ್ತಿಯ ದವಾಖಾನೆಯಲ್ಲಿದ್ದಾಗ ನೋಡಲು ಹೋಗಿದ್ದೆ. ಗಂಗವ್ವ ಕಾಕು ಕಪ್ಪಿನ ಚಹಾವನ್ನು ಬಸಿಗೆ ಸುರಿದು ಆರಿಸುತ್ತಿದ್ದರು. ಕಾಕಾ ನನ್ನನ್ನು ಹತ್ತಿರ ಕರೆದು, ಆ ಸಿನಿಮಾದ ಹುಡುಗಿಗೆ ಕಡೆಗೆ ಏನಾಯಿತೆಂದು ತಾವಾಗಿಯೇ ಕೇಳಿದರು. ನನಗೆ ಹೋದ ಜೀವ ಬಂದಂತಾಯಿತು. ಏಕೆಂದರೆ ಸಿನಿಮಾದಲ್ಲಿ ಆಕೆಗೆ ಏನೂ ಆಗುವುದಿಲ್ಲ. ಆಡಿನ ಕಿವಿ ಹಿಡಿದು ಎಳೆದುಕೊಂಡು ಮನೆಗೆ ಬರುತ್ತಾಳೆ. ತಾಯಿ ಬಯ್ಯುತ್ತಲೇ ಉಣ್ಣಲು ಬಡಿಸುತ್ತಾಳೆ. ಎಲ್ಲ ಬಿಡಿಸಿ ಹೇಳಿದೆ. ಮೊಬೈಲಿನಲ್ಲೇ ತೋರಿಸುತ್ತೇನೆ ಎಂದರೆ ಬೇಡವೆಂದು ಕೈಯಾಡಿಸಿದರು.

ಆಮೇಲೆ ನನ್ನ ಕೈ ಮೆಲ್ಲಗೆ ತಟ್ಟಿ, ನನಗೇ ಸಮಾಧಾನ ಮಾಡುವವರಂತೆ ಹೇಳಿದರು:

"ಇರಲಿ ಬಿಡ್ರಿ ಅಕ್ಕೋರ. ಸಾಯೋ ಮನಷ್ಯಾಗ ಎಲ್ಲಾರೂ ಹಂಗ ಹೇಳತಾರ."